ಹಳೇ ಗಾಡಿ ಡೈರಿ: ಡಿಕ್ಕಿಯೊಳಗಿನ ಬ್ಯಾಟರಿ

1/8

ಹೋದ ವಾರದ ಫೋಟೋ ನೋಡಿ ತುಂಬ ಜನ ಕೇಳಿದ ಪ್ರಶ್ನೆ ಒಂದೇ. "ಡಿಕ್ಕಿಯಲ್ಲಿ ಬ್ಯಾಟರಿ ಯಾಕಿದೆ? ಹೊಸದು ಹಾಕಿ ಹಳೇದನ್ನ ಅಲ್ಲೇ ಬಿಟ್ಟಿದ್ದೀರಾ?" ಇಲ್ಲ ಮಾರಾಯ್ರೇ, ಅದರ ಜಾಗವೇ ಅದು. ಕಂಪನಿಯವರೇ ಅಲ್ಲಿಟ್ಟಿದ್ದು. ಈ ಸಲದ ಎಂಟು ಪೋಸ್ಟೂ ಅದರ ಬಗ್ಗೆನೇ.

ಹೊಸಬರಿಗೆ ಗಾಡಿಯ ಪರಿಚಯ: 1994ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಬಟ್ಟೆಯ ಟಾಪು, ಕೈಯಲ್ಲಿ ಹಾಕೋ ಗೇರು. ಹೆಡ್‌ಲೈಟ್ ಸ್ವಿಚ್ ಒತ್ತಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಎರಡೂ ದೀಪ ಮೇಲೇಳುತ್ತವೆ. ಈ ಮಾಡೆಲ್ಲನ್ನು ಮೊದಲು ಜನರಿಗೆ ತೋರಿಸಿದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ಆಟೋ ಶೋದಲ್ಲಿ. ಜಪಾನಿನಲ್ಲಿ ಇದರ ಹೆಸರು ಯೂನೋಸ್ ರೋಡ್‌ಸ್ಟರ್. ನಮ್ಮ ದೇಶದಲ್ಲಿ ಕಂಪನಿ ಇದನ್ನು ಮಾರಲೇ ಇಲ್ಲ, ಹಾಗಾಗಿ ನಿಮ್ಮಲ್ಲಿ ಹೆಚ್ಚಿನವರು ಇದನ್ನ ವೀಡಿಯೋ ಗೇಮಲ್ಲೋ ರೀಲ್ಸಲ್ಲೋ ನೋಡಿರ್ತೀರಿ. ನಾನಿರೋ ನ್ಯೂಜೆರ್ಸಿಯಲ್ಲಿ ಮಾತ್ರ ಭಾನುವಾರ ಬೆಳಿಗ್ಗೆ ಹಾಲು ತರೋಕೆ ಹೋದರೂ ಒಂದಾದರೂ ಕಣ್ಣಿಗೆ ಬೀಳುತ್ತೆ.

ಬ್ಯಾಟರಿ ಬದಲಾಯಿಸೋದು ಅಂದ್ರೆ ಎರಡು ನಟ್ಟು ಬಿಚ್ಚಿ, ಹಳೇದು ಎತ್ತಿ, ಹೊಸದು ಇಟ್ಟು, ಎರಡು ನಟ್ಟು ಬಿಗಿ ಮಾಡೋದು. ಹತ್ತು ನಿಮಿಷದ ಕೆಲಸ. ಮಾಮೂಲಿ ಕಾರಿಗೆ ಈ ಮಾತು ನಿಜವೇ.

ಆದರೆ ಈ ಗಾಡಿಯಲ್ಲಿ ಬ್ಯಾಟರಿ ಎಲ್ಲಿದೆ ಅನ್ನೋದೇ ಮುಖ್ಯ. ಯಾಕೆ ಅಲ್ಲಿದೆ ಅಂತ ಕೇಳದೆ ಬದಲಾಯಿಸಿದರೆ ಏನಾಗುತ್ತೆ ಅನ್ನೋದನ್ನ ನಾನು ಈ ಮಾರ್ಚಿನಲ್ಲಿ ಕಣ್ಣಾರೆ ನೋಡಿದೆ, ಮೂಗಾರೆ ಮೂಸಿದೆ. ಮೂಸಿದ್ದು ಮೊದಲು ನಾನಲ್ಲ, ಮಗಳು. ಅಲ್ಲಿಗೆ ಬರ್ತೀನಿ.

2/8

ಮೊದಲು "ಯಾಕೆ" ಅನ್ನೋದು.

ಮಿಯಾಟಾ ದೊಡ್ಡ ಇಂಜಿನ್ನಿನ ಗಾಡಿ ಅಲ್ಲ. ತೂಕ ಒಂದು ಟನ್ನಿನ ಆಸುಪಾಸು. ಇದರ ಮಜಾ ಇರೋದು ವೇಗದಲ್ಲಲ್ಲ, ತಿರುವಿನಲ್ಲಿ. ಮಾಜ್ದಾದ ಎಂಜಿನಿಯರುಗಳು ಇದನ್ನು ಮಾಡುವಾಗ ಇಟ್ಟುಕೊಂಡಿದ್ದ ಮಾತು "ಜಿಂಬಾ ಇತ್ತಾಯ್". ಅಂದರೆ ಕುದುರೆ ಬೇರೆ, ಸವಾರ ಬೇರೆ ಅನ್ನಿಸಬಾರದು, ಎರಡೂ ಒಂದೇ ಮೈ ಆಗಿರಬೇಕು.

ಅದಕ್ಕೆ ತಕ್ಕಡಿ ಸಮ ಇರಬೇಕು. ಇಬ್ಬರು ಕೂತಾಗ ಮುಂದಿನ ಚಕ್ರಗಳ ಮೇಲೂ ಹಿಂದಿನ ಚಕ್ರಗಳ ಮೇಲೂ ಹೆಚ್ಚುಕಮ್ಮಿ ಅರ್ಧರ್ಧ ಭಾರ. ಮುಂದೆ ಇಂಜಿನ್ ಇದೆ, ಅದನ್ನು ಆದಷ್ಟು ಹಿಂದಕ್ಕೆ ಸರಿಸಿದರು. ಆಮೇಲೆ ಬಾನೆಟ್ಟಿನ ಕೆಳಗಿದ್ದ ಸೀಸದ ಗಟ್ಟಿಯನ್ನು, ಅಂದರೆ ಬ್ಯಾಟರಿಯನ್ನು, ಎತ್ತಿ ಡಿಕ್ಕಿಯ ಬಲಮೂಲೆಗೆ ಕೂರಿಸಿದರು. ಅಲ್ಲಿಂದ ಮುಂದಿನ ಸೆಲ್ಫ್ ಮೋಟಾರಿನವರೆಗೆ ಗಾಡಿಯುದ್ದಕ್ಕೂ ಒಂದು ದಪ್ಪ ವೈರು.

ಇಲ್ಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತೆ. ಬಾನೆಟ್ ಕೆಳಗೆ ಬ್ಯಾಟರಿ ಇದ್ದರೆ ಅದರಿಂದ ಹೊರಡೋ ಗ್ಯಾಸು ಗಾಳಿಯಲ್ಲಿ ಹೊರಟುಹೋಗುತ್ತೆ. ಡಿಕ್ಕಿ ಅಂದರೆ ಮುಚ್ಚಿದ ಕೋಣೆ. ಸೀಸ-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ, ಅದರಲ್ಲೂ ಹೆಚ್ಚು ಚಾರ್ಜ್ ಆದಾಗ, ಒಳಗಿನ ನೀರು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗುತ್ತೆ. ಗಾಳಿಯಲ್ಲಿ ಸುಮಾರು 4 ಶೇಕಡಾ ಹೈಡ್ರೋಜನ್ ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತೆ. ಮಿಯಾಟಾದಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದು ಸೀಟುಗಳ ಹಿಂದೆ, ಡಿಕ್ಕಿಗೆ ಅಂಟಿಕೊಂಡ ಹಾಗೆ. ಲೆಕ್ಕ ನೀವೇ ಹಾಕಿ.

ಎಂಜಿನಿಯರುಗಳು ಇದಕ್ಕೂ ಎರಡು ಉಪಾಯ ಮಾಡಿದ್ದರು. ಒಂದು, ಆಸಿಡ್ ನೀರಿನ ಹಾಗೆ ಕುಲುಕದ, ಗಾಜಿನ ನೂಲಿನ ಚಾಪೆಯಲ್ಲಿ ಹೀರಿಸಿಟ್ಟ ಎಜಿಎಂ ಬ್ಯಾಟರಿ. ಒದ್ದೆ ಸ್ಪಂಜಿನ ಹಾಗೆ ಅಂದ್ಕೊಳ್ಳಿ. ಅದರಲ್ಲಿ ಹುಟ್ಟಿದ ಗ್ಯಾಸು ಬಹುಪಾಲು ಒಳಗೇ ಮತ್ತೆ ನೀರಾಗುತ್ತೆ. ಎರಡು, ಅಷ್ಟಾದರೂ ಉಳಿದ ಗ್ಯಾಸು ಹೊರಗೆ ಹೋಗಲಿ ಅಂತ ಬ್ಯಾಟರಿಯ ಬದಿಯಿಂದ ಡಿಕ್ಕಿಯ ತಳದ ತೂತಿನವರೆಗೆ ರಬ್ಬರ್ ಕೊಳವೆ.

ಕಿರುಬೆರಳಿಗಿಂತ ಸಣ್ಣ ಕೊಳವೆ. ಇಡೀ ಕತೆ ಅದರ ಮೇಲೇ ನಿಂತಿದೆ.

3/8

ಈ ಗಾಡಿ ನನ್ನ ಕೈಗೆ ಬಂದಿದ್ದು ಫೆಬ್ರವರಿ ಕೊನೆಗೆ. ಮೂರನೇ ವಾರ, ಟಾಪು ಮುಚ್ಚಿಕೊಂಡು ಮಗಳ ಜೊತೆ ಲೈಬ್ರರಿಗೆ ಹೋಗಿ ವಾಪಸ್ ಬರ್ತಾ ಇದ್ದೆ. ಅವಳು ಮೂಗು ಮುಚ್ಕೊಂಡು ಹೇಳಿದ್ಳು: "ಅಪ್ಪಾ, ಕೊಳೆತ ಮೊಟ್ಟೆ ವಾಸನೆ."

ಈ ವಾಸನೆ ನಿಮ್ಮ ಯಾವ ಗಾಡಿಯಲ್ಲಿ ಬಂದರೂ ನಿರ್ಲಕ್ಷ್ಯ ಮಾಡಬೇಡಿ. ಸೀಸ-ಆಸಿಡ್ ಬ್ಯಾಟರಿ ಅತಿಯಾಗಿ ಬಿಸಿಯಾಗಿ, ಅತಿಯಾಗಿ ಚಾರ್ಜ್ ಆಗ್ತಾ ಇದ್ರೆ ಹೈಡ್ರೋಜನ್ ಸಲ್ಫೈಡ್ ಹೊರಗೆ ಬರುತ್ತೆ. ಅದು ವಿಷದ ಗಾಳಿ. ಜೊತೆಗೆ ಹೈಡ್ರೋಜನ್ ಕೂಡ ಇರುತ್ತೆ, ಅದಕ್ಕೆ ವಾಸನೆ ಇಲ್ಲ.

ಗಾಡಿ ಪಕ್ಕಕ್ಕೆ ಹಾಕಿ, ಇಂಜಿನ್ ಆಫ್ ಮಾಡಿ, ಇಬ್ಬರೂ ಕೆಳಗಿಳಿದ್ವಿ. ಕೀಲಿಯಿಂದ ಡಿಕ್ಕಿ ತೆರೆದು ಅರ್ಧ ಗಂಟೆ ಗಾಳಿಗೆ ಬಿಟ್ಟೆ. ಮುಟ್ಟಲಿಲ್ಲ. ಇದು ನೆನಪಿರಲಿ: ವಾಸನೆ ಬರ್ತಿರುವಾಗ ಸ್ಪ್ಯಾನರ್ ಹಾಕಬಾರದು, ಚಾರ್ಜರ್ ಸಿಕ್ಕಿಸಬಾರದು, ಮತ್ತೆ ಸ್ಟಾರ್ಟ್ ಮಾಡಬಾರದು. ಟರ್ಮಿನಲ್ ಬಿಚ್ಚುವಾಗ ಹಾರೋ ಒಂದೇ ಕಿಡಿ ಸಾಕು.

ಇಲ್ಲಿ ಮಿಯಾಟಾಗೆ ಒಂದು ನಮಸ್ಕಾರ. ಡಿಕ್ಕಿಗೆ ಕೀಲಿ ಇದೆ, ಕರೆಂಟು ಬೇಡ. ಕೆಲವು ಪೋರ್ಷೆಗಳಲ್ಲಿ ಬ್ಯಾಟರಿ ಮುಂದಿನ ಡಿಕ್ಕಿಯಲ್ಲಿ, ಆ ಡಿಕ್ಕಿ ತೆರೆಯೋಕೆ ಕರೆಂಟು ಬೇಕು. ಬ್ಯಾಟರಿ ಸತ್ತರೆ ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ. ಫ್ಯೂಸ್ ಬಾಕ್ಸಿನ ಮೂಲಕ ಹೊರಗಿನಿಂದ ಕರೆಂಟು ಕೊಟ್ಟು ತೆರೆಯಬೇಕು.

ಬ್ಯಾಟರಿ ತಣ್ಣಗಾದ ಮೇಲೆ ಮೀಟರ್ ಇಟ್ಟೆ. 10.5 ವೋಲ್ಟ್.

ಈ ಸಂಖ್ಯೆ ಒಂದು ಕತೆ ಹೇಳುತ್ತೆ. 12 ವೋಲ್ಟ್ ಬ್ಯಾಟರಿ ಒಳಗೆ ಆರು ಮನೆ. ಒಂದೊಂದು ಮನೆಗೆ ಸುಮಾರು 2.1 ವೋಲ್ಟ್. ಆರೂ ಸರಿ ಇದ್ದರೆ 12.6. ಐದೇ ಇದ್ದರೆ 10.5. ಅಂದರೆ ಒಂದು ಮನೆ ಒಳಗೊಳಗೇ ಶಾರ್ಟ್ ಆಗಿ ಸತ್ತಿದೆ. ಆಲ್ಟರ್ನೇಟರಿಗೆ ಇದು ಗೊತ್ತಾಗೋದಿಲ್ಲ. ಅದು ಎಂದಿನಂತೆ 14 ವೋಲ್ಟಿನ ಮೇಲೆ ತಳ್ತಾನೇ ಇರುತ್ತೆ. ಆರು ಜನಕ್ಕೆ ಬಡಿಸಿದ ಊಟ ಐದು ಜನರ ಬಾಯಿಗೆ. ಆ ಐದೂ ಕುದಿಯೋಕೆ ಶುರು.

4/8

ಮೂರನೇ ಫೋಟೋಗೆ ಸ್ವೈಪ್ ಮಾಡಿ. ಚೆನ್ನಾಗಿಲ್ಲ, ಆದರೂ ನೋಡಿ.

ಸ್ಪೇರ್ ಟೈರು ತೆಗೆದು ಮೂಲೆಯ ಕಾರ್ಪೆಟ್ ಎತ್ತಿದೆ. ಅಲ್ಲಿ ಕೂತಿದ್ದದ್ದು ಎಜಿಎಂ ಅಲ್ಲ. ಮೇಲೆ ಆರು ಮುಚ್ಚಳ ಇರೋ, ಒಳಗೆ ಆಸಿಡ್ ನೀರು ಕುಲುಕೋ ಮಾಮೂಲಿ ಬ್ಯಾಟರಿ. ಅಳತೆ ಹತ್ತಿರ ಹತ್ತಿರ ಸರಿ ಇತ್ತು. ಹಿಡಿದಿಡೋ ಪಟ್ಟಿ ಇರಲಿಲ್ಲ, ಅಲ್ಲಾಡದಿರಲಿ ಅಂತ ಪಕ್ಕಕ್ಕೆ ಮರದ ತುಂಡು ತುರುಕಿದ್ದರು. ಗ್ಯಾಸಿನ ಕೊಳವೆ? ಇತ್ತು. ಒಂದು ತುದಿ ತಳದ ತೂತಿನಲ್ಲಿ ಹಾಗೇ ಇತ್ತು, ಇನ್ನೊಂದು ತುದಿ ಎಲ್ಲಿಗೂ ಸೇರದೆ ಮೂಲೆಯಲ್ಲಿ ಸುರುಟಿಕೊಂಡಿತ್ತು. ಈ ಬ್ಯಾಟರಿಯಲ್ಲಿ ಅದನ್ನು ಸಿಕ್ಕಿಸೋ ಜಾಗವೇ ಇಲ್ಲ.

ಹಿಂದಿನ ಮಾಲೀಕರಿಗೆ ಯಾರೋ "ಕೂರುತ್ತೆ ಸಾರ್" ಅಂದಿರಬೇಕು. ಕೂತಿತ್ತು.

ಬ್ಯಾಟರಿ ಎತ್ತಿದ ಮೇಲೆ ಕೆಳಗೆ ಇನ್ನೊಂದು ಲೋಕ. ಪೇಂಟ್ ಬೆಂದ ಹಪ್ಪಳದ ಹಾಗೆ ಉಬ್ಬಿತ್ತು. ಬಿಳಿ ಪುಡಿ, ಅದರ ಕೆಳಗೆ ಕಂದು ತುಕ್ಕು. ತಿರುವಿನಲ್ಲಿ ಆಸಿಡ್ ತುಳುಕಿ ಇಳಿದ ದಾರಿ ಗೆರೆ ಎಳೆದ ಹಾಗೆ ಕಾಣ್ತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ತಾ ಬಂದೆ. "ಟಣ್" ಅಂದ ಕಡೆ ತಗಡು ಗಟ್ಟಿ. "ದಬ್" ಅಂದ ಕಡೆ ತುದಿಯಿಂದ ಚುಚ್ಚಿದೆ. ಒಂದು ಕಡೆ ತುದಿ ಹಾಗೇ ಒಳಗೆ ಹೋಗಿ ಕೆಳಗಿನ ನೆಲ ಕಾಣ್ತು. ಒಂದು ರೂಪಾಯಿ ನಾಣ್ಯದಷ್ಟು ತೂತು.

ಮಗಳು ಪಕ್ಕದಲ್ಲಿ ಟಾರ್ಚ್ ಹಿಡ್ಕೊಂಡು ನಿಂತಿದ್ಲು. "ಇದನ್ನ ಹಿಂದೆ ಇಟ್ಕೊಂಡೇ ನಾವು ಮೂರು ವಾರ ಓಡಾಡಿದ್ವಾ?" ಅಂದ್ಳು.

ಹೌದು ಪುಟ್ಟಿ ಅಂದೆ. ಮತ್ತೇನೂ ಹೇಳೋಕೆ ತೋಚಲಿಲ್ಲ. ಅವಳಿಗೆ ಇನ್ನೆರಡು ವರ್ಷಕ್ಕೆ ಹದಿನೇಳು. ಗೇರ್ ಗಾಡಿ ಕಲಿಯೋದು ಇದರಲ್ಲೇ ಅಂತ ಇಬ್ಬರೂ ಮಾತಾಡ್ಕೊಂಡಿದ್ವಿ. ಅವತ್ತು ಸಂಜೆ ಗಾಡಿ ಮಾರಿಬಿಡೋಣ ಅನ್ನೋ ಮಾತೂ ಮನೆಯಲ್ಲಿ ಬಂತು. ನನ್ನ ಹೆಂಡತಿ ಕೇಳಿದ್ದು ಒಂದೇ: "ಇದನ್ನ ಪೂರ್ತಿ ಸರಿ ಮಾಡೋಕಾಗುತ್ತಾ, ಇಲ್ಲ ಸರಿ ಮಾಡಿದ ಹಾಗೆ ಮಾಡ್ತೀರಾ?"

ಅದಕ್ಕಿಂತ ಒಳ್ಳೇ ಪ್ರಶ್ನೆ ಯಾವ ಮೆಕ್ಯಾನಿಕ್ಕೂ ಕೇಳಿಲ್ಲ.

5/8

ಅಂಗಡಿ ಕತೆ.

ಬ್ಯಾಟರಿ ಅಂಗಡಿಯ ಹುಡುಗ ಕಂಪ್ಯೂಟರ್ ನೋಡಿ ಒಂದು ಬ್ಯಾಟರಿ ತಂದಿಟ್ಟ. ಬೆಲೆ ಕಮ್ಮಿ, ಶಕ್ತಿ ಜಾಸ್ತಿ, ಕೂರುತ್ತೆ ಅಂದ. ಮತ್ತೆ ಅದೇ ಮಾತು! ಬದಿಯಲ್ಲಿ ಗ್ಯಾಸ್ ಕೊಳವೆಗೆ ತೂತು ಎಲ್ಲಿ ಅಂದೆ. "ಅದೆಲ್ಲ ಯಾರೂ ಹಾಕಲ್ಲ" ಅಂದ. ಒಳ್ಳೇ ಹುಡುಗನೇ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ. ಕೊನೆಗೆ ಬದಿಯಲ್ಲಿ ಕೊಳವೆಯ ಬಾಯಿ ಇರೋ ಎಜಿಎಂ ತರಿಸಿಕೊಂಡೆ. ಹೆಚ್ಚುಕಮ್ಮಿ ಎರಡು ಪಟ್ಟು ದುಡ್ಡು. ನಾಲ್ಕು ದಿನ ಕಾಯಬೇಕಾಯ್ತು.

ಡಿಕ್ಕಿಯಲ್ಲೋ ಸೀಟಿನ ಕೆಳಗೋ ಬ್ಯಾಟರಿ ಇರೋ ಗಾಡಿ ನಿಮ್ಮದಾದರೆ ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟು:

ಗ್ಯಾಸು ಹೊರಹೋಗೋ ಬಾಯಿ ಇದೆಯಾ, ನನ್ನ ಗಾಡಿಯ ಕೊಳವೆ ಅದಕ್ಕೆ ಸೇರುತ್ತಾ? ಇದು ಮೊದಲ ಪ್ರಶ್ನೆ.

ಪಾಸಿಟಿವ್ ಯಾವ ಕಡೆ? ತಿರುಗುಮುರುಗು ಇದ್ದರೆ ವೈರು ಎಳೆದು ಸೇರಿಸೋ ಗೋಜಿಗೆ ಹೋಗಬೇಡಿ.

ಹಿಡಿದಿಡೋ ಪಟ್ಟಿ ಸರಿಯಾಗಿ ಕೂರುತ್ತಾ? ಗಾಡಿ ಜೋರಾಗಿ ಬ್ರೇಕ್ ಹಾಕಿದಾಗ ಬ್ಯಾಟರಿ ಹಾರಿ ಪಾಸಿಟಿವ್ ತಗಡಿಗೆ ತಾಗಿದರೆ ಮುಗೀತು.

ತಯಾರಾದ ತಿಂಗಳು ಯಾವುದು? ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತ ಬ್ಯಾಟರಿಯನ್ನು ಹೊಸದು ಅನ್ನೋಕಾಗಲ್ಲ.

"ಇದೆಲ್ಲ ಅಮೆರಿಕದ ಕತೆ, ನಮಗೇನು" ಅನ್ಕೊಂಡ್ರಾ? ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಹಳೇ ಬಿಎಂಡಬ್ಲ್ಯು 3 ಸೀರೀಸ್ ತಗೊಂಡವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ನಿಮ್ಮ ಬ್ಯಾಟರಿಯೂ ಡಿಕ್ಕಿಯಲ್ಲೇ ಇದೆ. ಅದಕ್ಕೂ ಕೊಳವೆ ಇದೆ, ಅಥವಾ ಇರಬೇಕು. ಇವತ್ತು ಸಂಜೆ ಕಾರ್ಪೆಟ್ ಎತ್ತಿ ನೋಡಿ.

ಸ್ಟಾರ್ಟ್ ಆಗಲಿಲ್ಲ ಅಂದ ತಕ್ಷಣ "ಬ್ಯಾಟರಿ ಹೋಯ್ತು, ಬದಲಾಯಿಸಿ" ಅನ್ನೋರೂ ಇದ್ದಾರೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಮೊದಲು ಮೀಟರ್ ಇಡಿ. ಸಾವಿರ ರೂಪಾಯಿಯೊಳಗಿನ ಮೀಟರು ಎಷ್ಟೋ ಸಾವಿರ ಉಳಿಸುತ್ತೆ.

6/8

ಈಗ ಕೆಲಸ. ಮೊದಲು ತಳ, ಆಮೇಲೆ ಬ್ಯಾಟರಿ.

ಆಸಿಡ್ ಚೆಲ್ಲಿದ ಜಾಗಕ್ಕೆ ಅಡುಗೆ ಸೋಡಾ ನೀರಲ್ಲಿ ಕಲಸಿ ಹಾಕಿದೆ. ಬುಸ್ ಅಂತ ನೊರೆ ಬಂತು. ನೊರೆ ಬರೋದು ನಿಲ್ಲೋವರೆಗೂ ಹಾಕಬೇಕು, ನೊರೆ ಬಂದರೆ ಆಸಿಡ್ ಇನ್ನೂ ಇದೆ ಅಂತ ಅರ್ಥ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಇದರಲ್ಲಿ ಧೈರ್ಯ ತೋರಿಸೋ ಅಗತ್ಯ ಇಲ್ಲ. ತೊಳೆದು, ಒಣಗಿಸಿ, ಸಡಿಲ ತುಕ್ಕೆಲ್ಲ ವೈರ್ ಬ್ರಷ್ಷಿನಿಂದ ಕೆರೆದೆ.

ತೂತಿನ ಕೆಲಸ ನಾನು ಮಾಡಲಿಲ್ಲ. ಪೆಟ್ರೋಲ್ ಟ್ಯಾಂಕಿನ ಪಕ್ಕ ವೆಲ್ಡಿಂಗ್ ಮಾಡೋದು ಮನೆ ಗ್ಯಾರೇಜಿನ ಕೆಲಸ ಅಲ್ಲವೇ ಅಲ್ಲ. ಬಾಡಿ ಕೆಲಸದವರು ಕೊಳೆತ ಭಾಗ ಕತ್ತರಿಸಿ ಹೊಸ ತಗಡು ಕೂರಿಸಿ, ಪ್ರೈಮರ್ ಪೇಂಟ್ ಹೊಡೆದುಕೊಟ್ಟರು. ತುಕ್ಕು ಚಾಸಿಯ ಉದ್ದದ ಕಂಬಿಗೆ ಇಳಿದಿರಲಿಲ್ಲ. ಇಳಿದಿದ್ದರೆ ಮಾರೋ ಮಾತು ಮಾತಾಗೇ ಉಳೀತಿರಲಿಲ್ಲ.

ಬ್ಯಾಟರಿ ಕೂರಿಸೋ ದಿನ 10 ನಂಬರ್ ಸ್ಪ್ಯಾನರ್ ಮಗಳ ಕೈಗೆ ಕೊಟ್ಟೆ. ನಾನು ಹೇಳಿದ್ದು ಒಂದೇ ನಿಯಮ: ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಯಾಕೆ ಅಂದ್ಳು. ಗಾಡಿಯ ಇಡೀ ತಗಡಿನ ಮೈ ನೆಗೆಟಿವ್‌ಗೆ ಸೇರಿರುತ್ತೆ. ನೆಗೆಟಿವ್ ಹಾಗೇ ಇರುವಾಗ ಪಾಸಿಟಿವ್ ಬಿಚ್ಚೋಕೆ ಹೋಗಿ ಸ್ಪ್ಯಾನರಿನ ಇನ್ನೊಂದು ತುದಿ ತಗಡಿಗೆ ತಾಗಿತು ಅನ್ಕೋ, ನೂರಾರು ಆಂಪಿಯರ್ ಆ ಸ್ಪ್ಯಾನರಿನ ಮೂಲಕ ಹರಿಯುತ್ತೆ. ಸ್ಪ್ಯಾನರ್ ಕೆಂಪಗೆ ಕಾಯುತ್ತೆ. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ದಾರಿಯೇ ಇಲ್ಲ, ತಾಗಿದರೂ ಏನೂ ಆಗಲ್ಲ. ಕೇಳಿದ ತಕ್ಷಣ ಅವಳು ಕೈಗಡಿಯಾರದ ಸ್ಟೀಲ್ ಚೈನು ಬಿಚ್ಚಿ ಬೆಂಚಿನ ಮೇಲಿಟ್ಟಳು. ನಾನು ಅದನ್ನ ಹೇಳಿರಲಿಲ್ಲ.

ಬ್ಯಾಟರಿ ಇಳಿಸಿದ್ವಿ. ಪಟ್ಟಿ ಬಿಗಿದ್ವಿ. ಕೈಯಲ್ಲಿ ಅಲ್ಲಾಡಿಸಿದರೆ ಬ್ಯಾಟರಿ ಅಲ್ಲ, ಗಾಡಿ ಅಲ್ಲಾಡಬೇಕು. ಪಾಸಿಟಿವ್, ಆಮೇಲೆ ನೆಗೆಟಿವ್. ಕೊನೆಗೆ ಆ ಕೊಳವೆ. ಅವಳೇ ಸಿಕ್ಕಿಸಿದಳು. ಗಾಡಿಯ ಕೆಳಗೆ ಬಗ್ಗಿ ಇನ್ನೊಂದು ತುದಿ ಹೊರಗಿದೆಯಾ, ಮಣ್ಣು ಕಟ್ಟಿದೆಯಾ ಅಂತ ನೋಡಿ ಬಂದ್ಳು.

7/8

ಹಾಕಿದ ಮೇಲೆ ಕೆಲಸ ಮುಗೀಲಿಲ್ಲ. ಮೂರು ಸಲ ಮೀಟರ್ ಇಡಬೇಕು.

ಸುಮ್ಮನೆ ನಿಂತಾಗ: 12.7. ಪೂರ್ತಿ ತುಂಬಿದೆ. 12.4 ಇದ್ದರೆ ಮುಕ್ಕಾಲು, 12ಕ್ಕೆ ಇಳಿದರೆ ಕಾಲುಭಾಗ ಅಂದ್ಕೊಳ್ಳಿ.
ಸೆಲ್ಫ್ ಹೊಡೆಯುವಾಗ: 10.6. ಸಾಧಾರಣ ಹವೆಯಲ್ಲಿ 9.6ಕ್ಕಿಂತ ಕೆಳಗೆ ಇಳಿದರೆ ಬ್ಯಾಟರಿ ಸುಸ್ತಾಗಿದೆ.
ಇಂಜಿನ್ ಓಡುವಾಗ: 14.2. ಆಲ್ಟರ್ನೇಟರ್ ನಿರಪರಾಧಿ. ಇದು 15 ದಾಟಿದ್ದರೆ ಹೊಸ ಬ್ಯಾಟರಿಯೂ ಬೇಗ ಹಾಳಾಗ್ತಿತ್ತು.

ಇನ್ನೊಂದು ಲೆಕ್ಕ. ಗಾಡಿ ಆಫ್ ಆಗಿದ್ದರೂ ಗಡಿಯಾರ, ರೇಡಿಯೋ, ಕಂಪ್ಯೂಟರಿನ ನೆನಪು ಚೂರು ಚೂರು ಕರೆಂಟು ಕುಡೀತಾನೇ ಇರುತ್ತವೆ. ನನ್ನದರಲ್ಲಿ 18 ಮಿಲಿಆಂಪಿಯರ್. 50ರ ಒಳಗಿದ್ದರೆ ಚಿಂತೆ ಇಲ್ಲ ಅಂತಾರೆ. ಆದರೆ 18 ಅಂದರೂ ದಿನಕ್ಕೆ 0.43 ಆಂಪಿಯರ್-ಅವರ್, ತಿಂಗಳಿಗೆ 13. ಬ್ಯಾಟರಿ ಪುಟ್ಟದು, 30 ಆಂಪಿಯರ್-ಅವರ್ ಅಂತಿಟ್ಟುಕೊಂಡರೆ ಒಂದೇ ತಿಂಗಳಲ್ಲಿ ಹತ್ತಿರ ಹತ್ತಿರ ಅರ್ಧ ಖಾಲಿ.

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ. ಹಳೇ ಗಾಡಿ ಇಟ್ಟುಕೊಂಡವರು ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೊರಗೆ ತೆಗೆಯಲ್ಲ. ಖಾಲಿ ಬ್ಯಾಟರಿ ಹಾಗೇ ಬಿದ್ದಿದ್ದರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗಲ್ಲ. ಇನ್ನೊಂದು ಅಪಾಯ: ತುಂಬಿದ ಬ್ಯಾಟರಿ ಮೈನಸ್ 50ರ ಚಳಿಗೂ ಜಗ್ಗಲ್ಲ, ಖಾಲಿಯಾದದ್ದು ಮೈನಸ್ ಹತ್ತಕ್ಕೂ ಮೊದಲೇ ಹೆಪ್ಪುಗಟ್ಟಬಹುದು. ಆಸಿಡ್ಡಿನ ಸತ್ವ ಹೋಗಿ ಒಳಗೆ ಬಹುಪಾಲು ನೀರೇ ಉಳಿದಿರುತ್ತಲ್ಲ, ಅದಕ್ಕೆ.

ನಮ್ಮೂರುಗಳಲ್ಲಿ ಶತ್ರು ಚಳಿ ಅಲ್ಲ, ಸೆಕೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಬ್ಯಾಟರಿಯ ಆಯಸ್ಸು ಬೇಗ ಕರಗುತ್ತೆ. ನೆರಳಲ್ಲಿ ನಿಲ್ಲಿಸಿ.

ಎರಡು ಕಡೆಗೂ ಮದ್ದು ಒಂದೇ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ನಿಜವಾಗಿ ಓಡಿಸಿ. ಮನೆ ಮುಂದೆ ನಿಲ್ಲಿಸಿ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೆಲ್ಫ್ ತಿಂದ ಕರೆಂಟೂ ವಾಪಸ್ ಬರಲ್ಲ. ಓಡಿಸೋಕಾಗದಿದ್ದರೆ ನೆಗೆಟಿವ್ ಬಿಚ್ಚಿಡಿ, ಇಲ್ಲಾ ಎಜಿಎಂಗೆ ಹೊಂದೋ ಮೇಂಟೈನರ್ ಚಾರ್ಜರ್ ಹಾಕಿಡಿ. ಹಳೇ ಗಾಡಿಯಲ್ಲಿ ಓಡಿ ಸವೆಯೋ ಭಾಗಗಳು ಬೇಕಾದಷ್ಟಿವೆ. ಬ್ಯಾಟರಿ ಮಾತ್ರ ನಿಂತೂ ಸಾಯುತ್ತೆ.

8/8

ಕೊನೆಯದು, ಯಾರೂ ಕೇಳದ ಪ್ರಶ್ನೆ. ಹಳೇ ಬ್ಯಾಟರಿ ಎಲ್ಲಿಗೆ ಹೋಯ್ತು?

ಇಲ್ಲಿ ಹೊಸದು ಕೊಳ್ಳುವಾಗ ಅಂಗಡಿಯವರು ಒಂದಿಷ್ಟು ಠೇವಣಿ ಹಿಡ್ಕೋತಾರೆ. ಹಳೇದು ತಂದುಕೊಟ್ಟರೆ ವಾಪಸ್. ನಾನು ಪ್ಲಾಸ್ಟಿಕ್ ಟಬ್ಬಿನಲ್ಲಿ, ನೆಟ್ಟಗೆ ನಿಲ್ಲಿಸಿ, ಇನ್ನೊಂದು ಗಾಡಿಯಲ್ಲಿ ಒಯ್ದೆ. ಕೂರುತ್ತೆ ಅಂದಿದ್ದ ಅದೇ ಹುಡುಗ ಇಳಿಸಿಕೊಂಡ. ಡಿಕ್ಕಿಯ ತೂತಿನ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದನ್ನ ನನಗೆ ಕಳಿಸ್ತೀರಾ? ಮುಂದಿನ ಸಲ ಯಾರಾದರೂ ಕೇಳಿದರೆ ತೋರಿಸ್ತೀನಿ" ಅಂದ. ಕಳಿಸಿದೆ.

ನಮ್ಮ ದೇಶದಲ್ಲೂ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿಯನ್ನು ವಾಪಸ್ ಪಡೆದು ಸರಿಯಾಗಿ ಮರುಬಳಕೆಗೆ ಕಳಿಸೋ ಹೊಣೆ ತಯಾರಕರದ್ದು. ಅಂಗಡಿಯಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟರೆ ಹೊಸದರಲ್ಲಿ ದುಡ್ಡೂ ಕಮ್ಮಿಯಾಗುತ್ತೆ. ಗುಜರಿಯವರು ನೂರೋ ಇನ್ನೂರೋ ಜಾಸ್ತಿ ಕೊಡ್ತಾರೆ ಅಂತ ಅಲ್ಲಿ ಹಾಕಬೇಡಿ. ಕೈಯಿಂದ ಕೈಗೆ ದಾಟಿ ಅದು ಯಾವುದೋ ಬಯಲಿನಲ್ಲಿ ಒಡೆದರೆ ಆಸಿಡ್ ಚರಂಡಿಗೆ, ಸೀಸ ಕರಗಿಸಿದ ಹೊಗೆ ಗಾಳಿಗೆ. ಸೀಸ ಮಕ್ಕಳ ಮಿದುಳಿಗೆ ವಿಷ, ಇಷ್ಟು ಇದ್ದರೆ ಪರವಾಗಿಲ್ಲ ಅನ್ನೋ ಅಳತೆಯೇ ಅದಕ್ಕಿಲ್ಲ. ನಮ್ಮ ಡಿಕ್ಕಿಯಿಂದ ಹೊರಗೆ ಹಾಕಿದ ಅಪಾಯವನ್ನು ಇನ್ನೊಬ್ಬರ ಮಕ್ಕಳು ಆಡೋ ಜಾಗಕ್ಕೆ ಸಾಗಿಸಿದ ಹಾಗೆ.

ಗಾಡಿ ಮಾರಲಿಲ್ಲ. ಆ ಮಾತು ಮನೆಯಲ್ಲಿ ಮತ್ತೆ ಬಂದೂ ಇಲ್ಲ. ನನ್ನ ಹೆಂಡತಿ ಒಂದು ದಿನ ತಾನೇ ಡಿಕ್ಕಿ ತೆರೆದು, ಕೊಳವೆ ಹಿಡಿದು ಒಮ್ಮೆ ಎಳೆದು ನೋಡಿ, ಮುಚ್ಚಿ ಒಳಗೆ ಹೋದ್ಳು.

ನಿಮ್ಮಿಂದ ಒಂದೇ ಕೆಲಸ ಆಗಬೇಕು. ನಿಮ್ಮ ಗಾಡಿಯ ಬ್ಯಾಟರಿ ಎಲ್ಲಿದೆ ಅಂತ ಹುಡುಕಿ. ಬಾನೆಟ್ ಕೆಳಗಿದ್ದರೆ ಪಟ್ಟಿ ಬಿಗಿ ಇದೆಯಾ, ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇದ್ದರೆ ಕೊಳವೆ ಹುಡುಕಿ. ಸಿಕ್ಕಿತಾ, ಸಿಗಲಿಲ್ವಾ, ಕೆಳಗೆ ಬರೀರಿ. ಸಿಗದೇ ಇದ್ದವರು ಗಾಡಿಯ ಹೆಸರು, ವರ್ಷ ಹಾಕಿ, ಒಟ್ಟಿಗೆ ಹುಡುಕೋಣ.

ಮುಂದಿನ ಕಂತು: ಅರ್ಧಕ್ಕೇ ನಿಂತ ಎಡಗಡೆ ಹೆಡ್‌ಲೈಟು. ಒಂದು ಕಣ್ಣು ಮುಚ್ಚಿ ಊರೆಲ್ಲ ಸುತ್ತಿದ್ದೀವಿ.

#ಹಳೇಗಾಡಿಡೈರಿ #ಮಿಯಾಟಾ #ಡಿಕ್ಕಿಬ್ಯಾಟರಿ #ನೆಗೆಟಿವ್‌ಮೊದಲು